ಮತ್ತೆ ಬಿಗಿಯಾದ ಜೆರ್ಸಿ

ಜೆರ್ಸಿಯ ಭುಜ ಮತ್ತೆ ಬಿಗಿಯಾಗಿತ್ತು. ಕಾಲೇಜಿನ ರಿಲೇ ತಂಡದ ನಾಲ್ವರಿಗೂ ಬಟ್ಟೆ ಹೊಲಿದುಕೊಟ್ಟವಳು ಟೈಲರಮ್ಮ. ಮೂವರ ಅಳತೆ ಇದ್ದ ಹಾಗೇ ಇತ್ತು. ನಾಲ್ಕನೆಯವಳು, ಅವಳದೇ ಮಗಳು; ಅವಳದ್ದು ಮಾತ್ರ ಎರಡನೇ ಸಲ ಹೊಲಿಗೆ ಬಿಚ್ಚಬೇಕಾಯಿತು. ತಾಯಿಗೆ ಒಳಗೊಳಗೇ ಹೆಮ್ಮೆ. ಬೀದಿಯವರು ಆ ಹುಡುಗಿಯನ್ನು ಸುಮ್ಮನೆ 'ಗಾಳಿ' ಎಂದು ಕರೆಯುತ್ತಿರಲಿಲ್ಲ. ಕೈಯಿಂದ ಕೈಗೆ ದಾಟಿಸುವ ಬ್ಯಾಟನ್ ಹಿಡಿದು ಅವಳು ತಿರುವಿನಲ್ಲಿ ಬಾಗಿದರೆ ನೋಡುವವರು ಉಸಿರು ಬಿಡುವುದನ್ನೇ ಮರೆಯುತ್ತಿದ್ದರು. ಇದು ನಾನು ಹೆತ್ತ ಕೂಸೇನಾ ಎಂದು ತಾಯಿಗೇ ಬೆರಗು.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಕ್ಕ ಯೂನಿಫಾರ್ಮಿಗೆ ಗುಂಡಿ ಹಾಕಿಸಲು ಅಂಗಡಿಗೆ ಬಂದಳು. ಅಳತೆಗೆ ನಿಂತಿದ್ದ ಹುಡುಗಿ "ಬನ್ನಿ ಅಕ್ಕ" ಎಂದಳು.

"ಏನೇ ಗಾಳಿ, ಗಂಟಲು ಕಟ್ಟಿದೆಯಾ? ಫೋನಲ್ಲಿ ಕೇಳಿದವರು ನಿಮ್ಮಪ್ಪ ಅಂದ್ಕೋಬೇಕು."

ಹುಡುಗಿ ನಗಲಿಲ್ಲ. "ತಿಂಗಳಾಯ್ತು ಅಕ್ಕ, ಹೀಗೇ ಇದೆ."

ನರ್ಸಕ್ಕನ ನಗುವೂ ನಿಂತಿತು. "ಏನಾದ್ರೂ ಔಷಧಿ ತಗೋತಿದ್ದೀಯಾ?"

"ಔಷಧಿ ಏನಿಲ್ಲ, ಶಕ್ತಿ ಮಾತ್ರೆ ಅಷ್ಟೆ," ಎಂದಳು ತಾಯಿ. "ಜಿಮ್ಮಿನವನು ಕೊಟ್ಟ. ದಿನಾ ಬೆಳಿಗ್ಗೆ ಹಾಲಿನ ಜೊತೆ ನಾನೇ ಕೊಡ್ತೀನಿ."

ನೂಲಿನ ಉಂಡೆಗಳ ನಡುವಿನಿಂದ ಡಬ್ಬಿ ಹೊರಬಂತು. ಬೋಳು ಡಬ್ಬಿ.

"ಇದರ ಮೇಲಿನ ಚೀಟಿ ಎಲ್ಲಿ?"

"ಒದ್ದೆಯಾಗಿ ಕಿತ್ತುಹೋಯ್ತಂತೆ."

"ಅಂಗಡಿಗೆ ಬರೋ ಪ್ರತಿ ಬಟ್ಟೆಗೂ ಚೀಟಿ ಸಿಕ್ಕಿಸಿ ಇಡೋಳು ನೀನು. ಮಗಳ ಹೊಟ್ಟೆಗೆ ಹೋಗೋದಕ್ಕೆ ಬೇಡ್ವಾ?" ನರ್ಸಕ್ಕ ಕುಳಿತಳು. "ಪರೀಕ್ಷೆ ಆಗದೆ ಇದೇನು ಅಂತ ನಾನು ಹೇಳಲ್ಲ. ಆದ್ರೆ ಭುಜ ಹೀಗೆ ಉಬ್ಬಿ, ದನಿ ಗಡುಸಾಗಿದ್ರೆ ಸ್ಟೆರಾಯ್ಡ್ ಇರಬಹುದು. ಹೃದಯಕ್ಕೂ ಲಿವರಿಗೂ ಕುತ್ತು ತರುತ್ತೆ. ಹೋದ ದನಿ ವಾಪಸ್ ಬರದೇ ಇರಬಹುದು. ಆಟದಲ್ಲಂತೂ ನಿಷೇಧ."

"ಎಲ್ಲರೂ ತಗೋತಾರಂತೆ ಕಣೆ. ಶಿಕ್ಷೆ ಕೊಡೋದಾದ್ರೆ ಆ ಜಿಮ್ಮಿನವನಿಗೆ ಕೊಡ್ಲಿ, ನನಗೆ ಕೊಡ್ಲಿ. ಏನೂ ಅರಿಯದ ಮಗು ಏನು ಮಾಡ್ತು?"

"ಅವನನ್ನೂ ಬಿಡಬಾರದು. ಆದ್ರೆ ತನ್ನ ಮೈಯೊಳಗೆ ಏನು ಹೋಗುತ್ತೆ ಅನ್ನೋದಕ್ಕೆ ಆಟಗಾರ್ತಿಯೇ ಜವಾಬ್ದಾರಿ. ಗೊತ್ತಿರಲಿಲ್ಲ ಅಂದ್ರೆ ಶಿಕ್ಷೆ ಇಳಿದ್ರೂ ಇಳೀಬಹುದು, ಹೊಣೆ ಇಳಿಯಲ್ಲ. ಇದು ರಿಲೇ ಬೇರೆ. ಒಬ್ಬಳು ಸಿಕ್ಕಿಬಿದ್ರೆ ನಾಲ್ವರ ಪದಕಕ್ಕೂ ಸಂಚಕಾರ."

ತಾಯಿ ದನಿ ತಗ್ಗಿಸಿದಳು. "ಈ ಫೈನಲ್ ಒಂದು ಮುಗೀಲಿ. ನೀನು ಡಬ್ಬಿ ನೋಡೇ ಇಲ್ಲ ಅಂದ್ಕೋ."

"ಬೇಡಮ್ಮ." ಆ ಗಡುಸು ದನಿ ಮಗಳದ್ದು. "ಬೋಳು ಡಬ್ಬಿ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಕೇಳಿದ್ರೆ ನಿಲ್ಲಿಸ್ಬೇಕಾಗುತ್ತೆ ಅಂತ ಕೇಳ್ಲಿಲ್ಲ. ನಾನು ಓಡಿ ಬರುವಾಗ ಮುಂದಿನವಳು ತಿರುಗಿಯೂ ನೋಡದೆ ಹಿಂದಕ್ಕೆ ಕೈ ಚಾಚ್ತಾಳಮ್ಮ. ಅಷ್ಟು ನಂಬಿಕೆ. ಆ ಕೈಗೆ ಇದನ್ನ ಇಡ್ಲಾ?"

ತಾಯಿ ಕತ್ತರಿ ಕೆಳಗಿಟ್ಟಳು. ಮೈದಾನದಲ್ಲಿ ಇಷ್ಟು ದಿನ ಕಣ್ತುಂಬಿಕೊಂಡ ಬೆರಗೆಲ್ಲ ಈ ಪುಟ್ಟ ಅಂಗಡಿಯೊಳಗಿನ ಬೆರಗಿನ ಮುಂದೆ ಮಂಕಾಯಿತು. ಅವಳು ಎದ್ದು ಚಪ್ಪಲಿ ಮೆಟ್ಟಿದಳು. "ನಡಿ, ಕೋಚ್ ಹತ್ರ ನಾನೂ ಬರ್ತೀನಿ. ಕೊಟ್ಟ ಕೈ ನಂದೂ ಹೌದಲ್ಲ."

ಪರೀಕ್ಷೆಯಲ್ಲಿ ನರ್ಸಕ್ಕನ ಅನುಮಾನ ನಿಜವಾಯಿತು. ಶಿಸ್ತು ಸಮಿತಿಯ ಮುಂದೆ ಹುಡುಗಿ ಯಾರ ಮೇಲೂ ತಪ್ಪು ಹೊರಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನಾಗಿ ಬಂದು ಹೇಳಿದಳೆಂದು ಶಿಕ್ಷೆ ಕಡಿಮೆಯಾಯಿತು, ಆದರೆ ತಪ್ಪಲಿಲ್ಲ. ಫೈನಲ್ ಓಡುವಂತಿಲ್ಲ, ಈ ವರ್ಷ ಯಾವ ಪಂದ್ಯವೂ ಇಲ್ಲ. ಜಿಮ್ಮಿನವನ ಮೇಲೂ ದೂರು ಹೋಯಿತು. ವೈದ್ಯರು ಚಿಕಿತ್ಸೆ ಶುರುಮಾಡಿದರು.

ಟೈಲರಮ್ಮ ತಾನೇ ಬಿಚ್ಚಿದ್ದ ಜೆರ್ಸಿಯ ಭುಜವನ್ನು ಮತ್ತೆ ಹಿಡಿದು ಹೊಲಿದಳು, ಬದಲಿ ಆಟಗಾರ್ತಿಯ ಅಳತೆಗೆ.

ಫೈನಲ್ ದಿನ ಹುಡುಗಿಯರು ಮೂರನೆಯವರಾಗಿ ಬಂದರು. ಆ ಪದಕವನ್ನು ಇನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಟೈಲರಮ್ಮ ಮಾತ್ರ ಓಟವನ್ನು ನೋಡಲೇ ಇಲ್ಲ. ಹಗ್ಗದಾಚೆ ನಿಂತು, ಆ ಒಡಕು ದನಿಯಲ್ಲೇ ಗೆಳತಿಯರ ಹೆಸರು ಕೂಗುತ್ತಿದ್ದ ಮಗಳನ್ನೇ ನೋಡುತ್ತ ನಿಂತಿದ್ದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಓಡುವ, ಎಸೆಯುವ, ಈಜುವ ಮಕ್ಕಳಿರಬಹುದು. ಚೀಟಿಯಿಲ್ಲದ ಡಬ್ಬಿಯನ್ನು ಹೊಸ್ತಿಲು ದಾಟಿಸಬೇಡಿ. ನೆಗಡಿಯ ಮಾತ್ರೆಯೇ ಇರಲಿ, ನಮ್ಮ ಮಗು ಕ್ರೀಡಾಪಟು ಎಂದು ವೈದ್ಯರಿಗೆ ಮೊದಲೇ ಹೇಳಿ, ನಿಷೇಧಿತ ಔಷಧಿ ಹೌದೋ ಅಲ್ಲವೋ ಕೇಳಿ ತಿಳಿದುಕೊಳ್ಳಿ. ಈಗಾಗಲೇ ನುಂಗಿದ್ದರೆ ಬಚ್ಚಿಡಬೇಡಿ. ಕೋಚ್ ಬಳಿಗೆ, ವೈದ್ಯರ ಬಳಿಗೆ ಇವತ್ತೇ ಹೋಗಿ. ಮಕ್ಕಳೇ, ನಿಮ್ಮ ಮುಂದೆಯೂ ಒಂದು ಕೈ ತಿರುಗಿ ನೋಡದೆ ಚಾಚಿಕೊಂಡಿದೆ. ಅದರಲ್ಲಿ ಏನಿಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.