ಸಾಕೆಂದಷ್ಟೂ ಬಂದ ಗಂಜಿ

ನನ್ನ ಗಂಡ ಚನ್ನಬಸವರಾಜ ಅವರಿಗೆ ಸಿರುಗುಪ್ಪದಲ್ಲಿ ಒಂದು ರೈಸ್ ಮಿಲ್ಲು, ಕುರುಗೋಡಿನಲ್ಲಿ ಒಂದು ಕುಡಿತ ಬಿಡಿಸುವ ಸಮಿತಿ. ಮಿಲ್ಲಿಗೆ ಮಾಲೀಕರು, ಸಮಿತಿಗೆ ಅಧ್ಯಕ್ಷರು. ಎರಡರಲ್ಲಿ ಸಮಿತಿಯದೇ ಸದ್ದು ಜಾಸ್ತಿ. ಅಕ್ಕಿ ಪಾಲಿಶ್ ಮಾಡುವ ಹೊಸ ಮಷಿನ್ ನೋಡಲು ಜಪಾನಿಗೆ ಹೊರಟರೂ ವಿಮಾನದಲ್ಲೆಲ್ಲ, ಊರಿಗೆ ಮರಳಿದ ಮೇಲೆ ಸೋಮವಾರ ಸಮಿತಿಯಲ್ಲಿ ಮಾಡಬೇಕಿದ್ದ ಭಾಷಣವನ್ನೇ ಉರು ಹೊಡೆದರು. ಅವತ್ತು ನಲವತ್ತು ಜನ ಕುಡುಕರಿಂದ ಪ್ರಮಾಣ ಮಾಡಿಸಬೇಕು. "ಐವತ್ತೆಂಟು ವರ್ಷ, ಒಂದು ಹನಿ ಮುಟ್ಟಿದವನಲ್ಲ" ಎನ್ನುವ ಸಾಲು ಬಂದಾಗ ದನಿ ಏರಿಸುವರು. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಜಪಾನಿನಲ್ಲಿ ಮೂರು ದಿನ ಊರಿಂದ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲೇ ಕಳೆದೆವು. ನಾಲ್ಕನೇ ದಿನ ನಾನು ನಡುರಸ್ತೆಯಲ್ಲೇ ನಿಂತುಬಿಟ್ಟೆ.

"ಬಿಸಿ ಅನ್ನ ಕಾಣೋತನಕ ಒಂದು ಹೆಜ್ಜಿ ಇಡಂಗಿಲ್ರಿ!"

ಎದುರಿಗೇ ಒಂದು ಪುಟ್ಟ ಹೋಟೆಲು. ಆರು ಸ್ಟೂಲು, ನಡೆಸುವವಳು ಒಬ್ಬ ಅಜ್ಜಿ. ಮಾಂಸ, ಮೀನು, ಮೊಟ್ಟೆ ಬೇಡ ಎಂದು ಗೈಡ್ ಜಪಾನಿ ಭಾಷೆಯಲ್ಲಿ ಬರೆದುಕೊಟ್ಟಿದ್ದ ಚೀಟಿ ತೋರಿಸಿದೆವು. ಅಜ್ಜಿ ಬಿಸಿ ಅನ್ನ, ಬೇಯಿಸಿದ ಸೊಪ್ಪು, ಮೂಲಂಗಿ ಉಪ್ಪಿನಕಾಯಿ ತಂದಿಟ್ಟಳು. ಹಬೆ ನೋಡಿ ನನಗೆ ಅಳುವೇ ಬಂತು.

ಆಮೇಲೆ ಅಜ್ಜಿ ಚಹಾ ಬಗ್ಗಿಸತೊಡಗಿದಳು. ಇವರು ಲೋಟಕ್ಕೆ ಕೈ ಅಡ್ಡ ಹಿಡಿದು, "ಸಾಕ ಯಮ್ಮಾ, ಸಾಕ!" ಎಂದರು. ಅಜ್ಜಿಯ ಮುಖ ಅರಳಿತು. ಒಳಗೆ ಓಡಿ ಒಂದು ಬಿಳಿ ಹೂಜಿ, ಹೆಬ್ಬೆರಳುದ್ದದ ಬಟ್ಟಲು ಹಿಡಿದು ಬಂದಳು.

ಇವರು ಮೂಸಿ ನೋಡಿದರು. "ಗಂಜಿ ತಿಳಿ ಐತಿ. ಮೂವತ್ತು ವರ್ಷ ಮಿಲ್ಲಿನಾಗ ಅದೀನಿ, ಅಕ್ಕಿ ವಾಸನಿ ನನಗ ಗೊತ್ತಾಗಂಗಿಲ್ಲೇನು?"

ಬಟ್ಟಲು ಖಾಲಿಯಾದರೆ ಅಜ್ಜಿ ತುಂಬಿಸುವಳು. ಇವರು "ಸಾಕ!" ಎಂದರೆ ಇನ್ನೊಂದು ಹೂಜಿ ತರುವಳು. ಮನೆಗೆ ಬಂದವರು ಬೇಡವೆಂದರೂ ಬಡಿಸುವ ಜನ ನಾವು, ಅಜ್ಜಿಯ ಉಪಚಾರ ನನಗೇನೂ ವಿಚಿತ್ರ ಅನಿಸಲಿಲ್ಲ. ಮೂರನೇ ಹೂಜಿಗೆ ಇವರ ಕಿವಿ ಕೆಂಪಾದವು. ಸ್ವೆಟರ್ ಬಿಚ್ಚಿ ಸ್ಟೂಲಿನ ಮೇಲೆ ಹತ್ತಿ ನಿಂತು ಅಜ್ಜಿಗೆ ಇಡೀ ಭಾಷಣ ಒಪ್ಪಿಸಿದರು. "ಒಂದು ಹನಿ ಮುಟ್ಟಿದವನಲ್ಲ" ಎಂದಾಗ ಆಕೆ ಚಪ್ಪಾಳೆ ತಟ್ಟಿದಳು.

"ಸುನಂದಾ, ಕುಡುಕರಿಗೆಲ್ಲಾ ಈ ಗಂಜಿ ಕೊಡಬೇಕು ನೋಡು! ಇದನ್ನ ಕುಡುದೋನು ಸೆರೆ ಅಂಗಡಿ ಕಡಿ ತಲಿ ಹಾಕಂಗಿಲ್ಲ. ನಲವತ್ತು ಬಾಟ್ಲಿ ಒಯ್ಯೋಣು. ವೇದಿಕಿ ಮ್ಯಾಲ ನಾನೇ ಮೊದಲು ಕುಡುದು ತೋರಸ್ತೀನಿ."

ಆಗ ನನಗೆ ಅನುಮಾನ ಬಂತು. ಅಜ್ಜಿ ಹೂಜಿಗೆ ಬಗ್ಗಿಸಿ ಕಪಾಟಿನಲ್ಲಿಟ್ಟಿದ್ದ ಬಾಟಲಿಗೆ, ಅನುವಾದ ಮಾಡಿ ತೋರಿಸುವ ಫೋನು ಹಿಡಿದೆ. ಪರದೆಯ ಮೇಲೆ ಕನ್ನಡ ಮೂಡಿತು: 'ಸಾಕೆ. ಅಕ್ಕಿಯಿಂದ ತಯಾರಿಸಿದ ಮದ್ಯ.'

ಐವತ್ತೆಂಟು ವರ್ಷದ ಹೆಮ್ಮೆಗೆ ಕಲ್ಲು ಹಾಕಲು ಮನಸ್ಸಿರಲಿಲ್ಲ. ಆದರೆ ಕುರುಗೋಡಿನ ವೇದಿಕೆ ಕಣ್ಣ ಮುಂದೆ ಬಂದು ಬಾಯಿ ಬಿಟ್ಟೆ.

"ರೀ, ಅದು ಗಂಜಿ ಅಲ್ರಿ, ಸೆರೆ! ಜಪಾನಿನೋರು ಅದಕ್ಕ ಸಾಕೆ ಅಂತಾರಂತ. ನೀವು ಸಾಕ ಅಂದಾಗೆಲ್ಲಾ ಆಕಿ ಅದನ್ನೇ ತಂದಾಳ."

ಇವರು ಸ್ಟೂಲಿನಿಂದ ಮೆಲ್ಲಗೆ ಇಳಿದರು. ಮುಖ ಬಿಳಿಚಿಕೊಂಡಿತ್ತು. ಪಾಪ ಅನ್ನಿಸಿತು. ಕೈಯಲ್ಲಿದ್ದ ಬಟ್ಟಲು ನೋಡಿದರು, ಇನ್ನೂ ಅರ್ಧ ಉಳಿದಿತ್ತು. ಬಾಗಿಲ ಕಡೆ ನೋಡಿದರು. ಕೊನೆಗೆ ನನ್ನನ್ನು ದುರುಗುಟ್ಟಿ ನೋಡಿದರು.

"ಇದೊಂದು ಖಾಲಿ ಆದ ಮ್ಯಾಲ ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?"