ತುಮಿನಾಳ ಮನೆ ಹೆಸರು

ಅರಗು ಕರಗುವ ವಾಸನೆ ನನಗೆ ಅಪ್ಪನ ವಾಸನೆ. ಅವರು ಜಾವಾದ ಸಲಾತಿಗ ಊರಿನಲ್ಲಿ ಒಬ್ಬ ನೋಟರಿಯ ಬಳಿ ಗುಮಾಸ್ತರಾಗಿದ್ದರು. ಪತ್ರಗಳನ್ನು ದಾರದಿಂದ ಹೊಲಿದು, ಗಂಟಿನ ಮೇಲೆ ಕೆಂಪು ಅರಗು ಸುರಿದು ಮುದ್ರೆ ಒತ್ತುವುದು ಅವರ ಕೆಲಸ. ಸಂಜೆ ಮನೆಗೆ ಬಂದರೆ ಅಂಗಿಯಿಂದ ಅರಗೂ ಲವಂಗದ ಸಿಗರೇಟೂ ಸೇರಿ ಘಮ್ಮೆನ್ನುತ್ತಿತ್ತು. ನಾನು ಕಾಲೇಜು ಓದಿ, ಪತ್ರಗಳನ್ನು ಅನುವಾದಿಸುವ ಕೆಲಸ ಹಿಡಿದದ್ದಕ್ಕೆ ಆ ವಾಸನೆಯೇ ಕಾರಣವಿರಬೇಕು. ಈಗ ಅರಗು ಹೋಗಿ ಶಾಯಿಯ ಮೊಹರು ಬಂದಿದೆ. ಆದರೂ ನಮ್ಮೂರಿನವರು ಹೊರದೇಶಕ್ಕೆ ಕಾಗದ ಕಳಿಸುವಾಗ ಮೊದಲು ನನ್ನ ಜಗಲಿಗೆ ಬರುತ್ತಾರೆ, ಆಮೇಲೆ ನೋಟರಿ ಪಾಕ್ ಹರ್ಸೊಯೊ ಅವರ ಕಚೇರಿಗೆ ಹೋಗುತ್ತಾರೆ. ದೊಡ್ಡವರನ್ನು ನಾವು ಗಂಡಸಾದರೆ ಪಾಕ್, ಹೆಂಗಸಾದರೆ ಬು ಎನ್ನುತ್ತೇವೆ.

ತುಮಿನಾ ಮಾತ್ರ ಎಲ್ಲ ಕೆಡಿಸಿಕೊಂಡ ಮೇಲೆ ಬಂದಳು.

ತುಮಿನಾ ತೆಂಪೆ ಚಿಪ್ಸ್ ಮಾಡುವವಳು. ಹುದುಗಿಸಿದ ಸೋಯಾ ಕಾಳಿನ ಬಿಲ್ಲೆಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಕರಿಯುತ್ತಾಳೆ. ಹಾಲೆಂಡಿನ ಅಂಗಡಿಯೊಂದಕ್ಕೆ ಅದು ಹಿಡಿಸಿತ್ತು. ಅಲ್ಲೊಂದು ಕಂಪನಿ ನೋಂದಾಯಿಸಿದರೆ ವರ್ಷವಿಡೀ ತರಿಸಿಕೊಳ್ಳುತ್ತೇವೆ ಎಂದಿದ್ದರು. ಆ ಮಾತು ನಂಬಿ ಅವಳು ದೊಡ್ಡ ಬಾಣಲೆ ಕೊಂಡಿದ್ದಳು, ಓಣಿಯ ಇಬ್ಬರು ವಿಧವೆಯರನ್ನು ಕೆಲಸಕ್ಕೂ ಇಟ್ಟುಕೊಂಡಿದ್ದಳು.

“ಬು, ಕಂಪನಿ ನೋಂದಾಯಿಸೋ ಆ ಕಡೆ ವಕೀಲ ಒಪ್ತಿಲ್ಲ,” ಎಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. “ಪಾಸ್‌ಪೋರ್ಟಲ್ಲಿ ಇರೋಳೇ ಬೇರೆ, ಅರ್ಜಿ ಹಾಕಿರೋಳೇ ಬೇರೆ ಅಂತಾನೆ.”

ಅರ್ಜಿ ನೋಡಿದೆ. ತುಮಿನಾ ಗೆಂಬುಸ್ ಎಂದಿತ್ತು. ಗೆಂಬುಸ್ ಎಂದರೆ ತೋಫುವಿಗೆಂದು ಸೋಯಾ ಹಾಲು ಹಿಂಡಿ ಉಳಿದ ಚರಟದಿಂದ ಮಾಡುವ ಅಗ್ಗದ ತೆಂಪೆ. ಮೆತ್ತಗೆ ಉಬ್ಬಿಕೊಂಡಿರುತ್ತದೆ.

“ಇದ್ಯಾರೇ ಗೆಂಬುಸ್?”

ತುಮಿನಾ ತಲೆವಸ್ತ್ರದ ತುದಿ ತಿರುಚಿದಳು. “ಫೋನಲ್ಲಿ ತುಂಬೋವಾಗ ಹೆಸರು ಕೇಳ್ತು, ಹಾಕ್ದೆ. ಅದರ ಕೆಳಗೆ ಮನೆ ಹೆಸರು ಅಂತ ಕೇಳ್ತು. ಖಾಲಿ ಬಿಟ್ರೆ ಮುಂದಕ್ಕೇ ಹೋಗ್ಲಿಲ್ಲ. ಚಿಕ್ಕೋಳಿದ್ದಾಗ ಕೆನ್ನೆ ಊದಿತ್ತು ಅಂತ ಮನೇಲಿ ಹಾಗೇ ಕರೀತಿದ್ರು. ಸರ್ಕಾರದೋರು ಕೇಳಿದ್ಮೇಲೆ ಸುಳ್ಳು ಹೇಳೋಕಾಗುತ್ತಾ?”

ನಮ್ಮ ಜಾವಾದಲ್ಲಿ ಮನೆತನದ ಹೆಸರಿಲ್ಲದೆ ಬರೀ ಒಂದು ಹೆಸರಿಟ್ಟುಕೊಂಡವರು ಬೇಕಾದಷ್ಟು. ತುಮಿನಾ ಎಂದರೆ ತುಮಿನಾ, ಹಿಂದಿಲ್ಲ ಮುಂದಿಲ್ಲ. ಗಂಡ ಪೊನಿರನ್ ಕೂಡ ಬರೀ ಪೊನಿರನ್. ನಗು ತಡೆಯಲು ನಾನು ಚಹಾ ಕುಡಿದೆ, ಅದು ನೆತ್ತಿಗೇರಿತು.

“ನಗಿ ಬು, ನಗಿ. ಹೊಸದಾಗಿ ಅರ್ಜಿ ಹಾಕಿದ್ರೆ ತಿಂಗಳುಗಟ್ಟಲೆ ಆಗುತ್ತಂತೆ. ಅಷ್ಟರಲ್ಲಿ ಅಂಗಡಿಯೋರು ಬೇರೆಯವರ ಹತ್ರ ತಗೊಳ್ತಾರೆ.”

ಎರಡು ಹೆಸರೂ ಒಬ್ಬಳದೇ ಎಂದು ನೋಟರಿ ಬರೆದುಕೊಟ್ಟರೆ ಸಾಕು ಎಂದೂ ವಕೀಲ ತಿಳಿಸಿದ್ದ. ನಮ್ಮಲ್ಲಿ ಅಂಥ ಪತ್ರಗಳು ಹೊಸತೇನಲ್ಲ. ಪಾಕ್ ಹರ್ಸೊಯೊ ಕೇಳಿ ತಲೆಯಾಡಿಸಿದರು. “ಆಗುತ್ತೆ. ಮನೆಯೋರು ಬೇಡ, ಹೊರಗಿನವರು ಒಬ್ರು ಬಂದು ಸಾಕ್ಷಿ ಹೇಳ್ಲಿ.”

ತುಮಿನಾಳ ಮುಖ ಬಾಡಿತು. ಆ ಹೆಸರೆತ್ತಿದವರ ಬಾಯನ್ನೆಲ್ಲ ಅವಳೇ ಮುಚ್ಚಿಸಿದ್ದಳು. ಉಳಿದವಳು ಒಬ್ಬಳೇ, ಪಕ್ಕದ ಮನೆಯ ಪಾರ್ಸಿಯೆಮ್. ತುಮಿನಾಳ ಮದುವೆಯ ದಿನ ಗಂಡಿನ ಕಡೆಯವರ ಎದುರಿಗೇ ಆ ಹೆಸರು ಹಿಡಿದು ಕೂಗಿದ್ದವಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ದಿನಾ ಬೆಳಗ್ಗೆ ಗೋಡೆಯಾಚೆಯಿಂದ, “ಗೆಂಬುಸ್, ನಿನ್ನ ಕೋಳಿ ನನ್ನಂಗಳಕ್ಕೆ ಬಂದಿದೆ,” ಎಂಬ ಕೂಗು ಬರುತ್ತಿತ್ತು. ತುಮಿನಾ ಓಗೊಡುತ್ತಿರಲಿಲ್ಲ. ಕೋಳಿಯೂ ಓಗೊಡುತ್ತಿರಲಿಲ್ಲ.

ಕೇಳಲು ನಾನೇ ಹೋದೆ. ಪಾರ್ಸಿಯೆಮ್ ತನ್ನ ಅಂಗಡಿಯಲ್ಲಿ ಬಾಳೆಹಣ್ಣು ಕರಿಯುತ್ತಿದ್ದಳು.

“ಅವಳೇ ಬಂದು ಕೇಳ್ಲಿ, ಬು.”

“ಅವಳು ಬರಲ್ಲ.”

“ಹಂಗಾದ್ರೆ ಕೋಳೀನ ಕಳಿಸ್ಲಿ.”

ನಾನು ಬೆಂಚಿನ ಮೇಲೆ ಕೂತೆ. ಅವಳು ನನ್ನ ಮುಂದೆ ಒಂದು ಬಿಸಿ ಬಾಳೆಹಣ್ಣು ಇಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಬೆನ್ನು ಹಾಕಿಕೊಂಡೇ ಕೇಳಿದಳು. “ನಾನು ಹೋಗ್ದಿದ್ರೆ ಏನಾಗುತ್ತೆ?”

“ಹಾಲೆಂಡಿನ ವ್ಯಾಪಾರ ಹೋಗುತ್ತೆ. ಆ ಇಬ್ಬರು ಹೆಂಗಸರ ಕೆಲಸಾನೂ ಹೋಗುತ್ತೆ.”

ಅವಳು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿದಳು. ಮರುದಿನ ನಾವು ಹೋಗುವ ಹೊತ್ತಿಗೆ, ಹಬ್ಬಕ್ಕೆ ತೊಡುವ ಬಾತಿಕ್ ಅಂಗಿ ತೊಟ್ಟು ನೋಟರಿಯ ಕಚೇರಿಯಲ್ಲಿ ಕೂತಿದ್ದಳು. ತುಮಿನಾ ಅವಳಿಂದ ಒಂದು ಕುರ್ಚಿ ಬಿಟ್ಟು ಕೂತಳು. ನಡುವಿನ ಕುರ್ಚಿ ನನ್ನ ಪಾಲಿಗೆ ಬಂತು.

ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಲೇಬೇಕೆಂದು ನಮ್ಮಲ್ಲಿ ಕಾನೂನೇ ಇದೆ. ಬೇರೆ ನೋಟರಿಗಳು ಗೊಣಗಿ ಮುಗಿಸುತ್ತಾರೆ. ಪಾಕ್ ಹರ್ಸೊಯೊ ಹಾಗಲ್ಲ. ನೆರಳುಗೊಂಬೆ ಆಡಿಸುವವರ ದನಿಯಲ್ಲಿ, ರಾಜಕುಮಾರಿಯನ್ನು ಸಭೆಗೆ ಕರೆತರುವಂತೆ ಓದಿದರು. “ಗೆಂಬುಸ್ ಎಂಬ ನಾಮಧೇಯದಿಂದಲೂ ಪರಿಚಿತರಾದ ಶ್ರೀಮತಿ ತುಮಿನಾ ಅವರು...” ಟೈಪು ಮಾಡುವ ಹುಡುಗಿ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು.

“ನೀವು ಈಗಲೂ ಹಾಗೇ ಕರೀತೀರಾ?” ಎಂದು ಸಾಕ್ಷಿಯನ್ನು ಕೇಳಿದರು.

“ದಿನಾ, ಪಾಕ್.”

“ಅವರು ಓ ಅಂತಾರಾ?”

“ಒಂದು ದಿನಾನೂ ಇಲ್ಲ.”

ಪಾಕ್ ಹರ್ಸೊಯೊ ಪೆನ್ನು ಕೆಳಗಿಟ್ಟರು. “ಓ ಅನ್ನದ ಹೆಸರು ಅವರದು ಅಂತ ನಾನು ಹೇಗಮ್ಮ ಬರೀಲಿ?”

“ಕರೆದು ತೋರಿಸ್ಲಾ?”

“ಕರೀರಿ.”

“ಗೆಂಬುಸ್,” ಎಂದಳು ಪಾರ್ಸಿಯೆಮ್.

ತುಮಿನಾ ಕಿಟಕಿಯಾಚೆ ನೋಡತೊಡಗಿದಳು. ಬೇಕೆಂದಲ್ಲ, ಅಷ್ಟು ವರ್ಷದ ಅಭ್ಯಾಸ. ನಾನು ಅವಳ ತೊಡೆ ಚಿವುಟಿದೆ.

“ಗೆಂಬುಸ್,” ಎಂದಳು ಪಾರ್ಸಿಯೆಮ್ ಮತ್ತೆ, ಈ ಸಲ ಗೋಡೆಯಾಚೆ ಕೂಗುವ ದನಿಯಲ್ಲಿ. “ನಿನ್ನ ಕೋಳಿ ನನ್ನಂಗಳಕ್ಕೆ ಬಂದಿದೆ.”

“ಅದು ನಂದಲ್ಲ ಕಣೇ, ಎದುರುಮನೆಯೋರದ್ದು,” ಎಂದು ತುಮಿನಾ ತಿರುಗಿಬಿದ್ದಳು. “ನಾನು ಕೋಳಿ ಸಾಕಿದ್ದೇ ಇಲ್ಲ.”

“ಓಗೊಟ್ಟರು,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಪಾಕ್ ಹರ್ಸೊಯೊ ಮೊಹರು ಒತ್ತಿದರು.

ಪಾರ್ಸಿಯೆಮ್ ಬೆರಗಾಗಿ ನನ್ನ ಕಡೆ ಬಾಗಿದಳು. “ಹಂಗಾದ್ರೆ ಇಷ್ಟು ವರ್ಷ ನಾನು ಎದುರುಮನೆ ಕೋಳಿಗಾ ಬೈತಿದ್ದೆ, ಬು?”

ನಾನು ಅನುವಾದ ಮುಗಿಸಿದೆ. ಹುಡುಗಿ ಎಲ್ಲದರ ಚಿತ್ರ ತೆಗೆದು ವಕೀಲನಿಗೆ ಕಳಿಸಿದಳು. ಹಾಲೆಂಡಿನಲ್ಲಿ ಬೆಳಗಾಗುವವರೆಗೆ ಕಾಯುವುದು ಬಾಕಿ ಇತ್ತು. ನೀನು ಹೋಗು ಎಂದು ಪಾರ್ಸಿಯೆಮ್‌ಗೆ ಯಾರೂ ಹೇಳಲಿಲ್ಲ, ಅವಳೂ ಏಳಲಿಲ್ಲ. ಅಂಗಡಿ ಅಂದು ಮುಚ್ಚಿಯೇ ಇತ್ತು.

ಮಧ್ಯಾಹ್ನ ಕಳೆದ ಮೇಲೆ ಉತ್ತರ ಬಂತು. ಪತ್ರ ಒಪ್ಪಿದ್ದೇವೆ, ರಾಜಧಾನಿಯಲ್ಲಿ ಸರ್ಕಾರದ ಮೊಹರು ಹಾಕಿಸಿ ಮೂಲಪ್ರತಿ ಕಳಿಸಿ ಎಂದಿತ್ತು. ಮೇಲೆ, “ಮಾನ್ಯ ಶ್ರೀಮತಿ ಗೆಂಬುಸ್ ಅವರೇ” ಎಂಬ ಸಂಬೋಧನೆ. ಅದನ್ನು ಓದಿ ಹೇಳಿದಾಗ ಪಾರ್ಸಿಯೆಮ್ ಮಾತ್ರ ನಗಲಿಲ್ಲ. ಮದುವೆಯ ದಿನ ತಾನು ಕೂಗಿದ್ದು ನೆನಪಾದವಳಂತೆ ನೆಲ ನೋಡುತ್ತ ಕೂತಿದ್ದಳು.

ತುಮಿನಾ ಎದ್ದು ಹೊರಗೆ ಹೋದಳು. ರಸ್ತೆಯಾಚೆಯ ಊಟದಂಗಡಿಯ ಮುಂದೆ ನಿಂತು ಏನೋ ವಿವರಿಸುತ್ತಿದ್ದದ್ದು ಕಿಟಕಿಯಿಂದ ಕಂಡಿತು. ಬಾಳೆಎಲೆಯ ಪೊಟ್ಟಣದೊಂದಿಗೆ ಮರಳಿದಳು. ಅನ್ನ, ತೆಂಗಿನತುರಿ ಹಾಕಿದ ಸೊಪ್ಪು, ಒಂದು ಮೊಟ್ಟೆ. ಮೆಣಸಿನ ಚಟ್ನಿಯನ್ನು ಅನ್ನಕ್ಕೆ ತಗಲದಂತೆ ಬೇರೆ ಎಲೆಯಲ್ಲಿ ಕಟ್ಟಿಸಿದ್ದಳು. ಪಾರ್ಸಿಯೆಮ್‌ಗೆ ಖಾರ ಆಗುವುದಿಲ್ಲವೆಂದು ನನಗೂ ಗೊತ್ತಿರಲಿಲ್ಲ. ನಾನು ನಡುವಿನ ಕುರ್ಚಿಯಿಂದ ಎದ್ದೆ. ತುಮಿನಾ ಅಲ್ಲಿ ಕೂತು ಪೊಟ್ಟಣವನ್ನು ಪಾರ್ಸಿಯೆಮ್‌ಳ ಮಡಿಲಲ್ಲಿಟ್ಟಳು.