ಅರ್ಧ ಸುತ್ತು

ಬಟ್ಟೆ ಹೊಲಿಯುವ ನಮ್ಮ ದೊಡ್ಡಮ್ಮ ಅಳತೆ ಟೇಪನ್ನು ತನ್ನ ಸೊಂಟಕ್ಕೇ ಸುತ್ತಿ, ಗುಳ್ಳೆ ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡುತ್ತಿದ್ದಳು. ಸರ್ಪಸುತ್ತಿನ ತಲೆ ಬಾಲ ಕೂಡಿದರೆ ಸಾವೇ ಎಂದು ಪಕ್ಕದ ಮನೆಯಾಕೆ ಹೆದರಿಸಿದ್ದಳು. ನಾನು ದೊಡ್ಡಮ್ಮನನ್ನು ಆಸ್ಪತ್ರೆಗೆ ಕರೆದೊಯ್ದೆ.

"ಕೂಡಲ್ಲಮ್ಮ," ಎಂದರು ಡಾಕ್ಟರು. "ಹಿಂದೆ ಬಂದಿದ್ದ ಚಿಕನ್‌ಪಾಕ್ಸ್ ವೈರಸ್ಸು ನರದಲ್ಲಿ ಮಲಗಿತ್ತು, ಈಗ ಎದ್ದಿದೆ. ಆ ನರ ಬೆನ್ನಿಂದ ಹೊರಟು ಒಂದೇ ಪಕ್ಕದಲ್ಲಿ ಬಂದು ಹೊಟ್ಟೆ ಮಧ್ಯಕ್ಕೆ ಮುಗಿಯುತ್ತೆ. ಬೇಗ ಬಂದಿದ್ದು ಒಳ್ಳೆಯದಾಯ್ತು, ಮಾತ್ರೆ ಇವತ್ತೇ ಶುರು ಮಾಡಿ. ನೋವು ಮಾತ್ರ ಸ್ವಲ್ಪ ದಿನ ಕಾಡಬಹುದು."

ಮನೆಗೆ ಬರುವಾಗ ಸೀರೆ ತಾಗಿದರೂ ಅವಳು ಹಲ್ಲು ಕಚ್ಚುತ್ತಿದ್ದಳು. ಪಕ್ಕದ ಮನೆಯಾಕೆ ಬಾಗಿಲಲ್ಲೇ ಕಾದಿದ್ದಳು.

"ಎರಡೂ ತುದಿ ಕೂಡಿತಾ?"

"ಇಲ್ಲ ಕಣೇ," ಎಂದಳು ದೊಡ್ಡಮ್ಮ. "ಬಟ್ಟೆ ಸಾಲಲಿಲ್ಲ."

ಅಂಥ ಉರಿಯಲ್ಲಿ ನನಗಾದರೆ ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ.